ಸುಣ್ಣದ ಕೆಳಗೆ ಏಳು ತೂತು

ಕಡವಿನಹಳ್ಳಿ
9 ಜೂನ್ 2024

ಓಂಕಾರಪ್ಪ ಸಾರ್ ಅವರಿಗೆ ನಿಯಾಜ್ ಅಹಮದನ ನಮಸ್ಕಾರ.

ಮೊನ್ನೆ ಶುಕ್ರವಾರ ನಮಾಜು ಮುಗಿಸಿ ಬಂದು ಊಟ ಮಾಡಿ ಸ್ವಲ್ಪ ಒರಗಿದ್ದೆ. ಕೆಟ್ಟ ಕನಸು ಬಿತ್ತು. ನಮ್ಮ ಕಲ್ಲುಸೇತುವೆಯ ಗೋಡೆ ಪೂರ್ತಿ ಬೆಳ್ಳಗೆ, ಆವತ್ತು ನಾವು ಸುಣ್ಣ ಹೊಡೆದಾಗ ಇದ್ದ ಹಾಗೇ. ನಾನು ಕೆಳಗೆ ಹೊಳೆಯ ಮರಳಿನಲ್ಲಿ ನಿಂತಿದ್ದೇನೆ. ಹಂಚಿನ ಮೇಲೆ ರೊಟ್ಟಿ ಉಬ್ಬುವ ಹಾಗೆ ಗೋಡೆ ಉಬ್ಬುತ್ತಿದೆ. ಮೇಲೆ ಬಸ್ಸು ಬರುತ್ತಿದೆ. ಕೂಗೋಣವೆಂದರೆ ಬಾಯಿ ತುಂಬ ಸಿಮೆಂಟು. ಜೈನಾಬ್ ಅಲುಗಾಡಿಸಿ ಎಬ್ಬಿಸಿದಳು. "ಏನ್ರೀ, ನಿಲ್ಸು ನಿಲ್ಸು ಅಂತ ಯಾರಿಗೆ ಹೇಳ್ತಿದ್ರಿ?" ಎಂದಳು. ಹಗಲು ಕಂಡ ಕನಸು ನಿಜವಾಗುವುದಿಲ್ಲ ಎನ್ನುತ್ತಾರೆ. ಇದು ನಿಜವಾಗಬೇಕಾಗಿಯೇ ಇಲ್ಲ, ಅರ್ಧ ಆಗಿಬಿಟ್ಟಿದೆ. ಅದಕ್ಕೇ ಬರೆಯುತ್ತಿದ್ದೇನೆ.

ನೀವು ವರ್ಕ್ ಇನ್‌ಸ್ಪೆಕ್ಟರ್ ಆಗಿದ್ದಾಗ ನಿಮ್ಮ ಗ್ಯಾಂಗಿನಲ್ಲಿ ಹದಿನಾಲ್ಕು ವರ್ಷ ರಸ್ತೆ ಕೆಲಸ ಮಾಡಿದವನು ನಾನು. ಮರೆತಿರಲಾರಿರಿ. ಮಾತು ಬಿಟ್ಟು ಹತ್ತೊಂಬತ್ತು ವರ್ಷ ಆಯಿತು, ಅದನ್ನೂ ಮರೆತಿರಲಾರಿರಿ. ನಮ್ಮ ಗ್ಯಾಂಗಿನ ಓಬಣ್ಣ ಮದುವೆಗೆಂದು ಜಗಳೂರಿಗೆ ಬಂದಿದ್ದನಲ್ಲ, ಅವನೇ ನಿಮ್ಮ ವಿಳಾಸ ಕೊಟ್ಟ. ನಿಮಗೆ ಈಗ ಕಿವಿ ಕೇಳುವುದಿಲ್ಲ, ಫೋನ್ ಮಾಡಿದರೆ ಉಪಯೋಗವಿಲ್ಲ ಎಂದ. ಮೊಬೈಲಿನಲ್ಲಿ ಬರೆದು ಕಳಿಸು ಎಂದ. ಮೊಬೈಲಿನಲ್ಲಿ ಬಂದದ್ದನ್ನು ಮನೆಮಂದಿಯೆಲ್ಲ ಓದುತ್ತಾರೆ. ಇದು ಎಲ್ಲರೂ ಓದುವ ವಿಷಯ ಅಲ್ಲ.

ವಿಷಯ ಇಷ್ಟು. ಸೇತುವೆಯ ಎರಡನೇ ಕಮಾನಿನ ಮೇಲೆ, ಹೊಳೆ ಹರಿದುಹೋಗುವ ಕಡೆಯ ಗೋಡೆ ಹೊಟ್ಟೆ ಬಿಟ್ಟಿದೆ. ಮೇಲಿಂದ ದಾರಕ್ಕೆ ತೂಕದ ಗುಂಡು ಕಟ್ಟಿ ಇಳಿಬಿಟ್ಟು ನೋಡಿದೆ. ನಾಲ್ಕು ಬೆರಳು. ಹೋದ ವರ್ಷ ಎರಡು ಬೆರಳು ಇತ್ತು. ನನ್ನ ಬೆರಳೇ ದಪ್ಪ ಆಗಿರಬಹುದೇ ಎಂದು ಜೈನಾಬಳ ಬೆರಳಿನಿಂದಲೂ ಅಳೆಸಿದೆ. ಅವಳ ಬೆರಳಿಗೆ ಐದು ಬಂತು.

ಕಲ್ಲಿನ ಗೋಡೆಯ ಹಿಂದೆ ಮಣ್ಣು ತುಂಬಿರುತ್ತದೆ, ಮಣ್ಣಿಗೆ ಮಳೆ ನೀರು ಇಳಿಯುತ್ತದೆ, ಇಳಿದ ನೀರು ಹೊರಗೆ ಬರಲಿ ಎಂದೇ ಕಟ್ಟಿದವರು ಗೋಡೆಯಲ್ಲಿ ತೂತು ಬಿಟ್ಟಿರುತ್ತಾರೆ. ಇದನ್ನು ನನಗೆ ಕಲಿಸಿದವರು ನೀವು. ಆ ತೂತುಗಳನ್ನು ಮುಚ್ಚಿದವರೂ ನಾವೇ. ಹೊರಗೆ ಬರಲಾಗದ ನೀರು ಹತ್ತೊಂಬತ್ತು ಮಳೆಗಾಲದಿಂದ ಒಳಗಿನಿಂದ ತಳ್ಳುತ್ತಿದೆ.

ನನ್ನ ಮಗಳು ರುಹೀನಾ ನ್ಯಾಮತಿಯಲ್ಲಿ ಶಿಶುವಿಹಾರದ ಟೀಚರ್. ದಿನಾ ಬೆಳಿಗ್ಗೆ ಎಂಟೂಕಾಲರ ಬಸ್ಸಿಗೆ ಆ ಸೇತುವೆಯ ಮೇಲೆ ಹೋಗಿ, ಸಂಜೆ ಅದರ ಮೇಲೇ ಬರುತ್ತಾಳೆ. ನಾವು ಯಾರಿಗಾದರೂ ಹೇಳಬೇಕೇ ಬೇಡವೇ, ನೀವೇ ಹೇಳಿ. ನನ್ನ ಲೆಕ್ಕದಲ್ಲಿ ಮುಚ್ಚಿದ್ದು ಏಳು. ನಿಮಗೆ ನೆನಪಿದೆಯೇ?

ಈ ಕಡೆ ಎಲ್ಲ ಕ್ಷೇಮ ಎಂದು ಬರೆಯುವುದು ರೂಢಿ. ಕ್ಷೇಮ ಇದ್ದಿದ್ದರೆ ನಾನು ಬರೆಯುತ್ತಲೇ ಇರಲಿಲ್ಲ.

ಇಂತಿ,
ನಿಯಾಜ್ ಅಹಮದ್

ಮರೆತಿದ್ದು: ಪಿನ್ ಕೋಡ್ ಓಬಣ್ಣ ಹೇಳಿದ್ದು. ತಪ್ಪಿದ್ದರೆ ಕಾಗದ ಎಲ್ಲಿಗೆ ಹೋಗುತ್ತದೋ, ಯಾರು ಒಡೆದು ಓದುತ್ತಾರೋ. ತಲುಪಿದ್ದಕ್ಕೆ ಎರಡು ಸಾಲು ಬರೆಯಿರಿ.


ಜಗಳೂರು
26 ಜೂನ್ 2024

ಶ್ರೀ ನಿಯಾಜ್ ಅಹಮದ್ ಅವರಿಗೆ,

ನಿಮ್ಮ ಪತ್ರ ತಲುಪಿತು. ಪಿನ್ ಕೋಡ್ ತಪ್ಪಿತ್ತು. ಆದರೂ ತಲುಪಿತು.

ಆ ಸೇತುವೆ ನಮ್ಮಿಬ್ಬರ ಅಜ್ಜಂದಿರಿಗಿಂತ ಹಳೆಯದು. ಹಳೆಯ ಗೋಡೆ ಹೊಟ್ಟೆ ಬಿಡುವುದು ಹೊಸ ಸಂಗತಿಯಲ್ಲ. ಈಗಿನ ಲಾರಿಗಳ ಭಾರ ನೋಡಿದ್ದೀರಲ್ಲ. ತೂತು ಮುಚ್ಚಿದ್ದರಿಂದಲೇ ಹೀಗಾಯಿತು ಎನ್ನಲು ನೀವು ಒಳಗೆ ಹೋಗಿ ನೋಡಿ ಬಂದಿಲ್ಲ.

ಗ್ಯಾಂಗಿನಲ್ಲಿದ್ದಾಗಲೂ ನಿಮ್ಮದು ಇದೇ ಆಗಿತ್ತು. ನಿಂತ ಲಾರಿಯ ಚಕ್ರಕ್ಕೆ ಕಲ್ಲು ಕೊಟ್ಟು, ಆ ಕಲ್ಲಿಗೆ ಇನ್ನೊಂದು ಕಲ್ಲು ಕೊಡುತ್ತಿದ್ದಿರಿ. ಡಾಂಬರು ಕುದಿಯುವಾಗ ಸೌದೆ ಎಣಿಸುತ್ತಿದ್ದಿರಿ. ಎಪ್ಪತ್ತು ದಾಟಿದ ಮೇಲಾದರೂ ಬಿಡಿ.

ಎಷ್ಟು ಮುಚ್ಚಿದೆವು ಎಂಬುದು ನನಗೆ ನೆನಪಿಲ್ಲ. ಯಾರಿಗೂ ಹೇಳುವ ಅಗತ್ಯವಿಲ್ಲ. ಇಬ್ಬರೂ ಪಿಂಚಣಿಯಲ್ಲಿ ಇದ್ದೇವೆ. ಹಳೆಯದನ್ನು ಕೆದಕಿದರೆ ಮೊದಲು ಕಾಗದ ಕೇಳುತ್ತಾರೆ, ಆಮೇಲೆ ಕಾರಣ ಕೇಳುತ್ತಾರೆ.

ಇಲ್ಲಿ ಮಳೆ ಇಲ್ಲ. ಮೆಕ್ಕೆಜೋಳ ಹಾಕಿದವರು ಆಕಾಶ ನೋಡುತ್ತಿದ್ದಾರೆ. ಮನೆಯವರಿಗೆ ನಮಸ್ಕಾರ ತಿಳಿಸಿ.

ಇತಿ,
ಓಂಕಾರಪ್ಪ


ಕಡವಿನಹಳ್ಳಿ
21 ಜುಲೈ 2024

ಓಂಕಾರಪ್ಪ ಸಾರ್ ಅವರಿಗೆ ನಮಸ್ಕಾರ.

ನಿಮ್ಮ ಕಾಗದ ನಾಲ್ಕು ಸಲ ಓದಿದೆ. ನೆನಪಿಲ್ಲ ಎಂದು ಬರೆದಿದ್ದೀರಿ. ಲಾರಿಗೆ ನಾನು ಕಲ್ಲು ಕೊಟ್ಟಿದ್ದು ನೆನಪಿದೆ, ಸೌದೆ ಎಣಿಸಿದ್ದು ನೆನಪಿದೆ. ಇರಲಿ. ನನಗೆ ನೆನಪಿರುವುದನ್ನು ಬರೆಯುತ್ತೇನೆ. ಓದುತ್ತಾ ಹೋದರೆ ನಿಮಗೂ ಬರಬಹುದು.

ಅದು 2005ರ ಮೇ ತಿಂಗಳು. ದೊಡ್ಡ ಸಾಹೇಬರು ಬರುತ್ತಾರೆ, ಹೊಳೆ ದಂಡೆಯಲ್ಲಿ ನಿಂತು ಸೇತುವೆ ನೋಡುತ್ತಾರೆ ಎಂದು ಸುದ್ದಿ ಬಂತು. ಅವರು ನಿಲ್ಲುವ ಕಡೆಯ ಗೋಡೆಗೆ ಮಾತ್ರ ಸುಣ್ಣ ಹೊಡೆದೆವು. ಆ ಸುಣ್ಣ ನಾನೇ ಮೂರು ದಿನ ನೆನೆಸಿ, ಬಟ್ಟೆಯಲ್ಲಿ ಸೋಸಿದ್ದು. ಹೊಡೆದ ಮಾರನೇ ದಿನ ಮಳೆ ಬಂತು. ತೂತುಗಳಿಂದ ಕೆಮ್ಮಣ್ಣಿನ ನೀರು ಇಳಿದು, ಬಿಳಿ ಗೋಡೆಯ ಮೇಲೆ ಸಾಲಾಗಿ ಎಲೆಅಡಿಕೆ ಉಗಿದ ಹಾಗೆ ಕಂಡಿತು. ಮತ್ತೆ ಹೊಡೆದೆವು. ಮತ್ತೆ ಇಳಿಯಿತು. ಮೂರನೇ ಸಲ ನೀವು "ಮುಚ್ಚು" ಎಂದಿರಿ. ನಾನು ಮನೆಗೆ ಓಡಿ, ನವಿಲಿನ ಚಿತ್ರ ಇದ್ದ ಅಕ್ಕಿಯ ಪ್ಲಾಸ್ಟಿಕ್ ಚೀಲ ತಂದೆ. ಚಿತ್ರ ಇದ್ದ ಮಗ್ಗುಲನ್ನು ಕುಡುಗೋಲಿನಿಂದ ಏಳು ತುಂಡು ಮಾಡಿ, ಒಂದೊಂದು ತೂತಿಗೆ ಒಂದೊಂದು ತುರುಕಿ, ಮೇಲೆ ಸಿಮೆಂಟು ಮೆತ್ತಿ, ಅದರ ಮೇಲೆ ಸುಣ್ಣ ಹೊಡೆದೆ. ಚೀಲದ ಇನ್ನೊಂದು ಮಗ್ಗುಲನ್ನು ಜೈನಾಬ್ ಮೆಣಸಿನಕಾಯಿ ಒಣಗಿಸಲು ಇಟ್ಟುಕೊಂಡಳು.

"ಸಾಹೇಬ್ರು ಬಂದೋದ್ಮೇಲೆ ತೆಗೆಯೋಣ" ಎಂದಿರಿ. ಸಾಹೇಬರು ಆ ವಾರ ಬರಲಿಲ್ಲ, ಮುಂದಿನ ವಾರವೂ ಬರಲಿಲ್ಲ. ಆಮೇಲೆ ಬರಲೇ ಇಲ್ಲ. ನಾನು ದಿನಾ ಕೇಳುತ್ತಿದ್ದೆ, "ಸಾರ್, ತೂತು ಯಾವಾಗ ತೆಗೆಯಾದು?" ಒಂದು ದಿನ ಗ್ಯಾಂಗಿನವರೆಲ್ಲ ಊಟಕ್ಕೆ ಕೂತಿದ್ದಾಗ ನೀವು, "ನಾಲ್ಕನೇ ಕ್ಲಾಸ್ ಇಂಜಿನಿಯರ್ ಸಾಹೇಬ್ರು ಆರ್ಡರ್ ಹಾಕ್ಲಿ, ತೆಗೆಸ್ತೀನಿ" ಎಂದಿರಿ. ನಾನು ಓದಿದ್ದು ನಾಲ್ಕನೇ ಕ್ಲಾಸು. ಎಲ್ಲರೂ ನಕ್ಕರು. ಓಬಣ್ಣ ನಕ್ಕು ನಕ್ಕು ಮುದ್ದೆ ನೆತ್ತಿಗೇರಿಸಿಕೊಂಡ. ಮಾರನೇ ತಿಂಗಳು ನನ್ನನ್ನು ಚನ್ನಗಿರಿ ಕಡೆಯ ಗ್ಯಾಂಗಿಗೆ ಹಾಕಿದರು. ಯಾರು ಹಾಕಿಸಿದರು ಎಂದು ನಾನು ಕೇಳಲಿಲ್ಲ.

ಈಗಿನದು ಬರೆಯುತ್ತೇನೆ. ಬಿರುಕಿನ ಮೇಲೆ ಕನ್ನಡಿಯ ಒಂದು ಚೂರನ್ನು ಸಿಮೆಂಟಿನಿಂದ ಅಂಟಿಸಿದ್ದೇನೆ. ಗೋಡೆ ಕದಲಿದರೆ ಗಾಜು ಒಡೆಯುತ್ತದೆ. ಇದೂ ನೀವೇ ಕಲಿಸಿದ್ದು. ದಿನಕ್ಕೆ ಎರಡು ಸಲ ನೋಡಿ ಬರುತ್ತೇನೆ. ಇನ್ನೂ ಒಡೆದಿಲ್ಲ.

ರುಹೀನಾಳನ್ನು ಸೇತುವೆಯ ಈಚೆಯೇ ಬಸ್ಸಿನಿಂದ ಇಳಿಸಿ, ನಡೆಸಿಕೊಂಡು ದಾಟಿಸಿ, ಆಚೆ ಮತ್ತೆ ಹತ್ತಿಸುತ್ತಿದ್ದೆ. ಮೂರು ದಿನ ಕಂಡಕ್ಟರ್ ಸುಮ್ಮನಿದ್ದ. ನಾಲ್ಕನೇ ದಿನ ಬಾಗಿಲಲ್ಲಿ ನೇತಾಡಿಕೊಂಡು ಕೇಳಿದ. "ಏನ್ ಸಾಬ್ರೇ, ಬ್ರಿಜ್ಜು ನಿಮ್ಮ ಮಾವ ಕಟ್ಸಿದ್ದಾ? ಮಗಳನ್ನ ಇಳ್ಸಿದ್ರೆ ಸಾಕಾ, ನಾವೆಲ್ಲ ಹೊಳೆ ಪಾಲಾ?"

ಹಿಂದಿನ ಸೀಟಿನಿಂದ ತರಕಾರಿ ಮಾರುವ ಭೀಮಕ್ಕ, "ಹಂಗೇನಾದ್ರೂ ಇದ್ರೆ ನಮಗೂ ಹೇಳಣ್ಣ, ಬುಟ್ಟಿ ಇಳಿಸ್ಕಂತೀನಿ" ಎಂದಳು. ಬಸ್ಸೆಲ್ಲ ನಕ್ಕಿತು.

ಸಂಜೆ ರುಹೀನಾ ಅಳುವುದೊಂದು ಬಾಕಿ. "ಅಬ್ಬಾ, ಮಕ್ಳ ತಾಯಂದಿರು ನಂಗೆ ಬ್ರಿಜ್ ಮಿಸ್ ಅಂತಾರೆ. ನಾಳೆಯಿಂದ ನಾನು ಇಳಿಯಲ್ಲ" ಎಂದಳು. ಇಳಿಯುತ್ತಿಲ್ಲ. ಕಂಡಕ್ಟರ್ ಕೇಳಿದ್ದು ಸರಿಯೇ ಇತ್ತು ಸಾರ್.

ಉತ್ತರ ಬರೆಯಿರಿ.

ನಿಯಾಜ್ ಅಹಮದ್


ಕಡವಿನಹಳ್ಳಿ
14 ಆಗಸ್ಟ್ 2024

ಸಾರ್,

ನಿಮ್ಮಿಂದ ಉತ್ತರ ಬರಲಿಲ್ಲ. ಪಿನ್ ಕೋಡ್ ಈ ಸಲ ಸರಿ ಹಾಕಿದ್ದೆ.

ಸೋಮವಾರ ಬೆಳಿಗ್ಗೆ ಹೋದಾಗ ಗಾಜು ಒಡೆದಿತ್ತು. ಯಾರಾದರೂ ಕಲ್ಲು ಹೊಡೆದಿರಬೇಕು ಎಂದುಕೊಂಡು ಇನ್ನೊಂದು ಚೂರು ಅಂಟಿಸಿದೆ. ಅದು ಬುಧವಾರ ಒಡೆಯಿತು. ಇವತ್ತು ಬುಧವಾರವೇ, ಅಂದರೆ ಈಗಷ್ಟೇ ನೋಡಿ ಬಂದು ಬರೆಯುತ್ತಿದ್ದೇನೆ.

ಇನ್ನೊಂದು. ಹೋದ ವಾರ ಇಲಾಖೆಯ ಹೊಸ ಇಂಜಿನಿಯರು ಬಂದಿದ್ದರು. ಪ್ರವೀಣ್ ಕುಮಾರ್ ಎಂದು ಹೆಸರು. ಚಿಕ್ಕ ವಯಸ್ಸು, ಒಳ್ಳೆಯ ಮಾತು. ನಾನು ಏನೂ ಹೇಳದೆಯೇ ಅವರಿಗೆ ಗೋಡೆ ಕಂಡಿತು. ದೊಡ್ಡ ವಾಹನ ಹೋಗಬಾರದು ಎಂದು ಎರಡೂ ಕಡೆ ಬೋರ್ಡು ನೆಡಿಸಿದರು. ಜನ ಸೇರಿದ್ದರು. ಅವರಿಗೆ ಹೇಳಿದರು, "ವಯಸ್ಸಾಗಿದೆ ಕಣ್ರೀ ಇದಕ್ಕೆ. ರಿಪೇರಿ ಮಾಡಿ ಪ್ರಯೋಜನ ಇಲ್ಲ. ಕೆಡವಿ ಹೊಸದು ಕಟ್ಟಬೇಕು ಅಂತ ಬರೀತೀನಿ."

ನಮ್ಮೂರಿನ ಗಿಡ್ಡಪ್ಪ ಕೇಳಿದ, "ಹೊಸದು ಯಾವಾಗ ಆಗ್ತೈತೆ ಸಾರ್?"

"ಮಂಜೂರಾದ್ಮೇಲೆ."

"ಅಂಗಾದ್ರೆ ನನ್ನ ಮೊಮ್ಮಗ ನೋಡ್ತಾನೆ ಬಿಡ್ರಿ" ಎಂದು ಗಿಡ್ಡಪ್ಪ ಟವೆಲ್ ಕೊಡವಿ ಹೊರಟ.

ನಾನು ಅಲ್ಲೇ ಇದ್ದೆ ಸಾರ್. ಇಂಜಿನಿಯರಿಗೂ ನನಗೂ ಮೂರು ಮಾರು ದೂರ. ವಯಸ್ಸಾದದ್ದಲ್ಲ, ಉಸಿರು ಕಟ್ಟಿಸಿದ್ದು ಎಂದು ಹೇಳಬೇಕಿತ್ತು. ಬಾಯಿ ತೆರೆದೆ. ಕನಸಿನಲ್ಲಿ ಆದ ಹಾಗೇ ಆಯಿತು. ಅವರು ಜೀಪು ಹತ್ತಿ ಹೋದರು.

ಈಗ ಬಸ್ಸುಗಳು ಸುತ್ತಿ ಬೇರೆ ದಾರಿಯಲ್ಲಿ ಹೋಗುತ್ತವೆ. ರುಹೀನಾ ಬೆಳಿಗ್ಗೆ ಆರೂವರೆಗೆ ಮನೆ ಬಿಡುತ್ತಾಳೆ. ಭೀಮಕ್ಕ ಬುಟ್ಟಿ ಹೊತ್ತು ಸೇತುವೆ ದಾಟಿ, ಆಚೆ ಆಟೋ ಕಾಯುತ್ತಾಳೆ. ನನ್ನನ್ನು ಕಂಡಾಗೆಲ್ಲ, "ನೀ ಹೇಳಿದ್ದು ನಿಜ ಆತಲ್ಲಣ್ಣ, ನಿನ್ನ ಬಾಯಿಗೆ ಸಕ್ರೆ ಹಾಕ" ಎನ್ನುತ್ತಾಳೆ. ಊರಿನಲ್ಲಿ ನನಗೆ ಈಗ ಬುದ್ಧಿವಂತ ಎಂದು ಹೆಸರು. ಅದು ಎಲ್ಲದಕ್ಕಿಂತ ಕಷ್ಟ.

ಬಸ್ಸು ನಿಂತಿತು, ಮಗಳು ಬಚಾವ್ ಎಂದು ಸುಮ್ಮನಿರಬಹುದಿತ್ತು. ಎರಡು ದಿನ ಇದ್ದೆ. ಆದರೆ ನಮ್ಮ ತಪ್ಪಿಗೆ ಅದನ್ನು ಕೆಡವುತ್ತಾರೆ. ಕೆಡವಿದರೆ ತೂತು ಮುಚ್ಚಿದ್ದು ಯಾರಿಗೂ ಗೊತ್ತಾಗುವುದಿಲ್ಲ. ಹಾಗೆ ಯೋಚನೆ ಬಂತು, ಒಂದು ಗಳಿಗೆ ಸಮಾಧಾನವೂ ಆಯಿತು. ಆಮೇಲೆ ಎದ್ದು ಈ ಕಾಗದ ಬರೆಯಲು ಕೂತೆ.

ನಿಯಾಜ್


ಜಗಳೂರು
2 ಸೆಪ್ಟೆಂಬರ್ 2024

ನಿಯಾಜ್ ಅವರಿಗೆ,

ನಿಮ್ಮ ಎರಡೂ ಪತ್ರ ಬಂದಿವೆ. ಉತ್ತರ ಬರೆದು ಎರಡು ಸಲ ಹರಿದೆ.

ನೀವು ಬರೆದದ್ದರಲ್ಲಿ ಒಂದು ಬಿಟ್ಟುಹೋಗಿದೆ. "ಮುಚ್ಚು" ಎಂದವನು ನಾನು, ಒಪ್ಪುತ್ತೇನೆ. ಆದರೆ ಅದಕ್ಕೂ ಮೊದಲು ಎರಡು ದಿನ, "ಸಾರ್, ನನ್ನ ಸುಣ್ಣ ಹಾಳಾಗ್ತೈತೆ, ಬಾಯಿ ಮುಚ್ಚಿಬಿಡಾನ ಸಾರ್" ಎಂದು ಬ್ರಷ್ಷು ಹಿಡಿದು ನನ್ನ ಹಿಂದೆ ಹಿಂದೆ ತಿರುಗಿದವರು ಯಾರು? ನನ್ನ ಜೀವಮಾನದಲ್ಲಿ ಅಷ್ಟು ಚೆನ್ನಾಗಿ ಸುಣ್ಣ ಹೊಡೆದ ಗೋಡೆ ನೋಡಿಲ್ಲ. ನೀವು ಅದರ ಮುಂದೆ ನಿಂತು, ಗ್ಯಾಂಗಿನವರ ಕೈಯಿಂದ ಬೀಡಿ ಕಸಿದು ಎಸೆಯುತ್ತಿದ್ದಿರಿ. ಅದು ನಿಮಗೆ ನೆನಪಿಲ್ಲ.

ಚನ್ನಗಿರಿಗೆ ಹಾಕಿಸಿದ್ದು ನಾನೇ. ದಿನಾ ಎಲ್ಲರ ಮುಂದೆ ತೂತು ತೂತು ಎನ್ನುತ್ತಿದ್ದಿರಿ. ಮೇಲಿನವರ ಕಿವಿಗೆ ಬಿದ್ದರೆ ಮೊದಲು ಹೋಗುವುದು ನಿಮ್ಮ ಕೆಲಸ, ಆಮೇಲೆ ನನ್ನದು. ನಿಮ್ಮನ್ನು ಉಳಿಸಿದೆ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ನನ್ನನ್ನು ಉಳಿಸಿಕೊಂಡೆ ಎಂಬುದೂ ಅದರಲ್ಲಿ ಇತ್ತು.

ಆದರೂ ನನ್ನ ಮಾತು ಒಂದೇ. ಹೇಳಬೇಡಿ. ಬಸ್ಸು ನಿಂತಿದೆ, ಯಾರಿಗೂ ಅಪಾಯವಿಲ್ಲ. ಕಲ್ಲಿನ ಸೇತುವೆಗಾಗಿ ಇಬ್ಬರು ಮುದುಕರು ಕಚೇರಿ ಅಲೆಯಬೇಕಾಗಿಲ್ಲ. ಹೊಸ ಸೇತುವೆ ಬಂದರೆ ಊರಿಗೂ ಒಳ್ಳೆಯದು.

ನನಗೆ ಈಗ ಕಣ್ಣಿನ ಪೊರೆಯೂ ಬಂದಿದೆ. ನಿಮ್ಮ ಪತ್ರ ನಾನೇ ಓದುತ್ತೇನೆ, ನಿಧಾನಕ್ಕೆ. ಸೊಸೆ ಯಶೋಧರಾ ಓದಿ ಹೇಳುತ್ತೇನೆ ಎಂದಳು. ಕೊಡಲಿಲ್ಲ.

ಓಂಕಾರಪ್ಪ


ಕಡವಿನಹಳ್ಳಿ
29 ಸೆಪ್ಟೆಂಬರ್ 2024

ಓಂಕಾರಪ್ಪ ಸಾರ್ ಅವರಿಗೆ ನಮಸ್ಕಾರ.

ನೀವು ಹೇಳಿದ್ದು ಸರಿ. ಸುಣ್ಣಕ್ಕಾಗಿ ನಿಮ್ಮ ಹಿಂದೆ ತಿರುಗಿದ್ದು ನಾನು. ನಿಮ್ಮ ಕಾಗದ ಓದಿದ ಕೂಡಲೇ ನೆನಪು ಬಂತು, ಕೈಯಲ್ಲಿದ್ದ ಬ್ರಷ್ಷಿನ ಸಮೇತ. ಇಷ್ಟು ವರ್ಷ ಅದೆಲ್ಲಿ ಹೋಗಿತ್ತೋ.

ಅದು ನೆನಪಾದ ಮೇಲೆ ಸುಮ್ಮನಿರಲು ಆಗಲಿಲ್ಲ. ಹೇಳಿಬಿಟ್ಟೆ ಸಾರ್.

ಮಂಗಳವಾರ ಇಂಜಿನಿಯರು ಅಳತೆಗೆ ಬಂದಿದ್ದರು. ಮೊದಲು ಹಳೆ ಗ್ಯಾಂಗ್‌ಮನ್ ಎಂದು ಪರಿಚಯ ಹೇಳಿಕೊಂಡೆ. ಅವರು ಕುರ್ಚಿ ತರಿಸಿದರು. ಕೂರಲಿಲ್ಲ. ನಿಂತೇ ಹೇಳಿದೆ. ಅವರು ನಕ್ಕರು, ಕೆಟ್ಟದಾಗಿ ಅಲ್ಲ.

"ಅಜ್ಜಾ, ಈ ಗೋಡೇಲಿ ತೂತೇ ಇಲ್ಲ. ನಾನು ಪೂರ್ತಿ ನೋಡಿದ್ದೀನಿ."

"ಅದನ್ನೇ ಹೇಳಾಕೆ ಬಂದಿದ್ದು ಸಾರ್. ಇರಬೇಕಾಗಿತ್ತು. ಆಕಡೆ ಗೋಡೇಲಿ ಐತೆ ನೋಡ್ರಿ."

ಆ ಕಡೆ ಹೋಗಿ ನೋಡಿ ಬಂದರು. ಬಂದವರ ಮುಖದಲ್ಲಿ ನಗು ಇರಲಿಲ್ಲ. "ಯಾರು ಮುಚ್ಚಿಸಿದ್ದು?" ಎಂದರು.

"ನಾನೇ ಮುಚ್ಚಿದ್ದು."

"ಮುಚ್ಚಿದ್ದಲ್ಲ ಅಜ್ಜಾ, ಮುಚ್ಚು ಅಂದವರು ಯಾರು?"

"ಗೋಡೆ ಸುಣ್ಣ ಹಾಳಾಗ್ತಿತ್ತು ಸಾರ್, ನಾನೇ ಮುಚ್ಚಿದೆ" ಎಂದೆ. ಅವರು ಎರಡು ಸಲ ಕೇಳಿದರು. ನಾನು ಎರಡು ಸಲವೂ ಅದನ್ನೇ ಹೇಳಿದೆ.

ಎಲ್ಲಿ ಎಂದು ತೋರಿಸು ಎಂದರು. ಅಲ್ಲೇ ತೊಂದರೆಯಾಗಿದ್ದು. ನೀವು ನಿವೃತ್ತಿಯಾದ ಮೇಲೆ ಆ ಗೋಡೆಗೆ ಯಾರೋ ಪೂರ್ತಿ ಸಿಮೆಂಟು ಪ್ಲಾಸ್ಟರ್ ಹೊಡೆದಿದ್ದಾರೆ. ಎಲ್ಲ ಒಂದೇ ಬಣ್ಣ. ನಾನು ಸೀಮೆಸುಣ್ಣ ಹಿಡಿದು ಗುರುತು ಹಾಕುತ್ತಾ ಹೋದೆ. ಎರಡು ಕಡೆ ಒಡೆಸಿದರು, ಬರೀ ಕಲ್ಲು. ಮೂರನೆಯದನ್ನು ಒಡೆಯಲು ಒಪ್ಪಲಿಲ್ಲ. "ಹೊಟ್ಟೆ ಬಿಟ್ಟಿರೋ ಗೋಡೆನ ಸುಮ್ ಸುಮ್ನೆ ಕುಟ್ಟಿದ್ರೆ ಕೈಗೆ ಬರುತ್ತೆ ಅಜ್ಜಾ. ಅಳತೆ ಬರೆದದ್ದು ಏನಾದ್ರೂ ಇದ್ರೆ ತನ್ನಿ. ಕೆಡವೋ ರಿಪೋರ್ಟು ದೀಪಾವಳಿವರೆಗೂ ಹಿಡಿದಿಟ್ಕೋತೀನಿ" ಎಂದರು.

ಸಾರ್, ನೀವು ಪ್ರತಿ ಕೆಲಸಕ್ಕೂ ಟೇಪು ಹಿಡಿದು ಡೈರಿಯಲ್ಲಿ ಬರೆಯುತ್ತಿದ್ದವರು. ಆ ದಿನ ಸಂಜೆಯೂ ಹಿಡಿದಿದ್ದಿರಿ. ಟೇಪಿನ ಇನ್ನೊಂದು ತುದಿ ನನ್ನ ಕೈಯಲ್ಲಿತ್ತು. ಡೈರಿ ಇದೆಯೇ? ನಿಮ್ಮ ಹೆಸರು ನಾನು ಹೇಳಿಲ್ಲ, ಹೇಳುವುದೂ ಇಲ್ಲ. ಹಾಳೆ ನನ್ನ ಹತ್ತಿರವೇ ಇತ್ತು ಎಂದು ಕೊಡುತ್ತೇನೆ.

ಮನೆಯಲ್ಲಿ ರುಹೀನಾಗೂ ಹೇಳಿದೆ. "ಅದಕ್ಕೇನಾ ನನ್ನ ಇಳಿಸ್ತಿದ್ದಿದ್ದು?" ಎಂದಳು. ಹೌದು ಎಂದೆ. ಎದ್ದು ಚಹಾ ಮಾಡಿಕೊಂಡು ಬಂದಳು.

ನಿಯಾಜ್ ಅಹಮದ್


ಜಗಳೂರು
17 ಅಕ್ಟೋಬರ್ 2024

ನಿಯಾಜ್,

ನನ್ನ ಹೆಸರು ಬಿಟ್ಟು ನಿನ್ನ ಹೆಸರು ಮಾತ್ರ ಯಾಕೆ ಹೇಳಿದೆ? ನಿನ್ನನ್ನು ಯಾರು ಕೇಳಿದ್ದರು?

ಡೈರಿ ಇದೆ. ಆ ತಾರೀಖಿನಲ್ಲಿ "ಸುಣ್ಣ ಬಳಿದ ಕೆಲಸ ಪೂರ್ಣ" ಎಂದಷ್ಟೇ ಇದೆ. ಅಳತೆ ಅಲ್ಲಿ ಬರೆದಿಲ್ಲ. ಡೈರಿಯ ಕೊನೆಯ ಹಾಳೆಯಲ್ಲಿ, ಯಾರಿಗೂ ಕಾಣದ ಕಡೆ, ಪೆನ್ಸಿಲಿನಲ್ಲಿ ಬರೆದಿದ್ದೇನೆ. ಹೊನ್ನಾಳಿ ಕಡೆಯ ತುದಿಗಲ್ಲಿನಿಂದ ಇಷ್ಟಿಷ್ಟು ಅಡಿ, ರಸ್ತೆ ಮಟ್ಟದಿಂದ ಇಷ್ಟಿಷ್ಟು ಕೆಳಗೆ. ತೆಗೆಸುವ ಉದ್ದೇಶ ನನಗೂ ಇತ್ತು ಎಂಬುದಕ್ಕೆ ಇರುವುದು ಆ ಒಂದು ಹಾಳೆ. ಉದ್ದೇಶ ಇಟ್ಟುಕೊಂಡು ಹತ್ತೊಂಬತ್ತು ವರ್ಷ ಕಳೆದೆ.

ಪೆನ್ಸಿಲು ನನ್ನ ಕಣ್ಣಿಗೆ ಕಾಣುವುದಿಲ್ಲ. ಯಶೋಧರಾ ಓದಿ ಎಣಿಸಿದಳು. ಏಳಲ್ಲ, ಆರು. ಹಾಳೆಯನ್ನು ಜೆರಾಕ್ಸ್ ಮಾಡಿಸಿ ಇದರೊಳಗೆ ಇಟ್ಟಿದ್ದೇನೆ. ಡೈರಿ ನನ್ನ ಹತ್ತಿರವೇ ಇರಲಿ, ಕೇಳಿದರೆ ತೋರಿಸಲು ಬೇಕು.

ಇಂಜಿನಿಯರರಿಗೆ ನಾನೇ ಬೇರೆ ಕಾಗದ ಬರೆದು ಸಹಿ ಹಾಕಿದ್ದೇನೆ. ಮುಚ್ಚಲು ಹೇಳಿದ್ದು ನಾನು, ತೆಗೆಯಿರಿ ಎಂದು ದಿನಾ ಕೇಳಿದ್ದು ನಾಲ್ಕನೇ ಕ್ಲಾಸು ಓದಿದ ಗ್ಯಾಂಗ್‌ಮನ್, ಡಿಪ್ಲೊಮಾ ಓದಿದವನು ಕೇಳಿಸಿಕೊಳ್ಳಲಿಲ್ಲ ಎಂದು ಬರೆದಿದ್ದೇನೆ. ಆಗ ನನ್ನ ಕಿವಿ ಚೆನ್ನಾಗಿಯೇ ಇತ್ತು.

ಜೈನಾಬಮ್ಮನವರಿಗೆ ಹೇಳು, ಅವರ ಚೀಲದ ಋಣ ನನ್ನ ಮೇಲಿದೆ.

ಓಂಕಾರಪ್ಪ


ಕಡವಿನಹಳ್ಳಿ
12 ಜನವರಿ 2025

ಓಂಕಾರಪ್ಪ ಸಾರ್ ಅವರಿಗೆ ನಮಸ್ಕಾರ.

ತಡವಾಗಿ ಬರೆಯುತ್ತಿದ್ದೇನೆ, ಬೇಕೆಂದೇ. ಎಲ್ಲಾದರೂ ಅರ್ಧಕ್ಕೆ ನಿಂತರೆ ಎಂಬ ಹೆದರಿಕೆಗೆ ಮುಗಿಯುವವರೆಗೂ ಕಾಗದ ಮುಟ್ಟಲಿಲ್ಲ.

ನಿಮ್ಮ ಹಾಳೆ ನೋಡಿದ ಕೂಡಲೇ ಪ್ರವೀಣ್ ಕುಮಾರ್ ಸಾರ್ ಅಳತೆ ಹಿಡಿಸಿದರು. ಡಿಸೆಂಬರ್ ಎರಡನೇ ವಾರ ಅಟ್ಟಣಿಗೆ ಕಟ್ಟಿದರು. ಗೋಡೆಗೆ ಮರದ ಆಸರೆ ಕೊಟ್ಟು, ಮಷೀನು ಬೇಡ, ಕೈ ಉಳಿಯಲ್ಲೇ ತೆಗೆಯಿರಿ ಎಂದರು. ನನಗೆ ಮೇಲೆ ಹತ್ತಲು ಬಿಡಲಿಲ್ಲ. ಕೆಳಗೆ ಕುರ್ಚಿ ಹಾಕಿದರು. ಈ ಸಲ ಕೂತೆ.

ಮೊದಲನೆಯದು ಒಡೆದಾಗ ಏನೂ ಬರಲಿಲ್ಲ. ಕೆಲಸದವನು ಸಲಾಕೆ ಹಾಕಿ ಎಳೆದ. ಚೀಲದ ತುಂಡು ಬಂತು, ಅದರ ಹಿಂದೆ ನೀರು. ಕಪ್ಪು ನೀರು ಸಾರ್, ಡಾಂಬರಿನ ಹಾಗೆ. ವಾಸನೆಗೆ ಮೂಗು ಮುಚ್ಚಿಕೊಂಡರು. ಮಳೆ ನಿಂತು ಎರಡು ತಿಂಗಳಾಗಿತ್ತು. ಆದರೂ ಮೊದಲ ತೂತಿನಿಂದ ಬೆಳಿಗ್ಗೆ ಶುರುವಾದದ್ದು ಸಂಜೆವರೆಗೂ ಸುರಿಯಿತು. ಆರೂ ತೆಗೆಯಲು ಮೂರು ದಿನ ಹಿಡಿಯಿತು. ನಿಮ್ಮ ಅಳತೆ ಎಲ್ಲೂ ಒಂದು ಅಂಗುಲ ತಪ್ಪಿಲ್ಲ.

ಆರು ತುಂಡುಗಳನ್ನೂ ಎತ್ತಿಟ್ಟುಕೊಂಡೆ. "ಏನ್ ಮೆಡಲ್ಲಾ ಅಜ್ಜಾ ಅದು?" ಎಂದು ಕೆಲಸದವರು ನಕ್ಕರು. ಮನೆಗೆ ತಂದಾಗ ಜೈನಾಬ್ ಕೋಲಿನಿಂದ ಎತ್ತಿ ಹಿತ್ತಲಿಗೆ ಎಸೆದಳು.

ಆಮೇಲೆ ಹೊಟ್ಟೆ ಬಿಟ್ಟ ಭಾಗದ ಕಲ್ಲುಗಳನ್ನು ಬಿಚ್ಚಿ, ಒಂದೊಂದಕ್ಕೂ ನಂಬರು ಬರೆದು, ದಂಡೆಯಲ್ಲಿ ಸಾಲಾಗಿ ಇಟ್ಟಿದ್ದಾರೆ. ಅದೇ ಕಲ್ಲು, ಅದೇ ಜಾಗಕ್ಕೆ, ಗಾರೆಯಲ್ಲಿ ಕಟ್ಟುತ್ತಾರಂತೆ. ಮೇ ಹೊತ್ತಿಗೆ ಮುಗಿಯುತ್ತದೆ. ಕೆಡವುವ ರಿಪೋರ್ಟು ವಾಪಸು ಪಡೆದೆ ಎಂದು ಅವರೇ ಹೇಳಿದರು.

ನಮ್ಮಿಬ್ಬರ ಬಗ್ಗೆ ಏನು ಬರೆದಿರಿ ಎಂದು ಹೆದರಿ ಹೆದರಿ ಕೇಳಿದೆ. ಫೈಲು ತೋರಿಸಿದರು. "ನೀರಿನ ತೂತುಗಳು ಹಿಂದೆ ಯಾವುದೋ ಕಾಲದಲ್ಲಿ ಮುಚ್ಚಲ್ಪಟ್ಟಿದ್ದವು" ಎಂದಿದೆ. ಮುಚ್ಚಲ್ಪಟ್ಟಿದ್ದವಂತೆ, ತಾವಾಗಿಯೇ. ನಿಮ್ಮ ಕಾಗದವೂ ಅದೇ ಫೈಲಿನಲ್ಲಿದೆ, ಎಲ್ಲದರ ಅಡಿಯಲ್ಲಿ. ಬೇಕಾದವರು ಹುಡುಕಿದರೆ ಸಿಗುತ್ತದೆ. ಅದು ನನಗೆ ಸರಿ ಅನ್ನಿಸಿತು.

ನಿಯಾಜ್ ಅಹಮದ್


ಜಗಳೂರು
3 ಫೆಬ್ರವರಿ 2025

ನಿಯಾಜ್,

ಪತ್ರ ಓದಿ ಸಂತೋಷವಾಯಿತು. ಎಡಗಣ್ಣಿನ ಪೊರೆ ತೆಗೆಸಿದೆ. ಈಗ ನಿನ್ನ ಅಕ್ಷರ ಎಷ್ಟು ಕೆಟ್ಟದು ಎಂದು ಕಾಣುತ್ತದೆ.

ಗೋಡೆ ಮುಗಿದ ಮೇಲೆ ಸುಣ್ಣ ಹೊಡೆಯುತ್ತೇನೆ ಎಂದು ಬ್ರಷ್ಷು ಹಿಡಿದು ಹೋಗಬೇಡ. ಈ ಬೇಸಿಗೆಯಲ್ಲಿ ಬಂದು ನೋಡಬೇಕು ಎಂದಿದ್ದೇನೆ.

ಓಂಕಾರಪ್ಪ


ಕಡವಿನಹಳ್ಳಿ
20 ಮೇ 2025

ಓಂಕಾರಪ್ಪ ಸಾರ್ ಅವರಿಗೆ ನಮಸ್ಕಾರ.

ನೀವು ಬರುತ್ತೀರಿ ಎಂದು ರುಹೀನಾ ನಡುಮನೆಯ ಮಂಚ ಖಾಲಿ ಮಾಡಿಸಿದ್ದಾಳೆ. ಬಂದೇ ಬನ್ನಿ. ಆದರೆ ಬರುವ ಮೊದಲು ಒಂದು ಕೆಲಸ ಇದೆ. ಅದಕ್ಕೆ ಈ ಕಾಗದ.

ಗೋಡೆ ಮುಗಿದಿದೆ. ನೆಟ್ಟಗಿದೆ. ಗುಂಡು ಇಳಿಬಿಟ್ಟು ನೋಡಿದೆ. ಹೋದ ವಾರ ಒಂದು ದೊಡ್ಡ ಮಳೆ ಬಂತು. ಆರೂ ತೂತುಗಳಿಂದ ಕೆಮ್ಮಣ್ಣಿನ ನೀರು ಧಾರೆಯಾಗಿ ಇಳಿದು ಹೊಸ ಗೋಡೆ ಗಲೀಜಾಯಿತು. ಊರಿನವರು, "ಅಯ್ಯೋ, ಇಷ್ಟು ಚೆನ್ನಾಗಿ ಕಟ್ಟಿ ಹಿಂಗಾತಲ್ಲ" ಎಂದರು. ನಾನು ಕೊಡೆ ಹಿಡಿದು ನಿಂತು, ನೀರು ಇಳಿಯುವುದು ನಿಲ್ಲುವವರೆಗೂ ನೋಡಿದೆ.

ಮಳೆ ನಿಂತ ಮೇಲೆ ಎಲ್ಲ ಕಲ್ಲೂ ಎರಡು ದಿನಕ್ಕೆ ಒಣಗಿದವು. ಮೂರನೇ ಕಮಾನಿನ ಮೇಲೆ, ಅವರು ಬಿಚ್ಚದೆ ಬಿಟ್ಟ ಹಳೆ ಗೋಡೆಯಲ್ಲಿ, ಒಂದು ತಟ್ಟೆಯಷ್ಟು ಜಾಗ ಐದನೇ ದಿನವೂ ಒದ್ದೆಯಾಗಿತ್ತು. ಕೈ ಇಟ್ಟು ನೋಡಿದೆ. ನೆರಳು ಬೀಳುವ ಜಾಗ, ಅದಕ್ಕೇ ಇರಬಹುದು ಎಂದುಕೊಂಡು ಮನೆಗೆ ಬಂದೆ.

ಬಂದವನು ಹಿತ್ತಲಿನಲ್ಲಿ ಬಿದ್ದಿದ್ದ ಆ ಆರು ತುಂಡುಗಳನ್ನು ಹುಡುಕಿ, ತೊಳೆದು, ಅಂಗಳದಲ್ಲಿ ಹರಡಿದೆ. ಬಿಸಿಲು ಕಾಣದೆ ಇದ್ದದ್ದಕ್ಕೋ ಏನೋ, ಬಣ್ಣ ಅಲ್ಲಲ್ಲಿ ಉಳಿದಿದೆ. ಕುಡುಗೋಲಿನ ಕಚ್ಚಿಗೆ ಕಚ್ಚು ಕೂಡಿಸಿದೆ. ಬಾಲ ಬಂತು, ಗರಿ ಬಂತು, ಎರಡು ಕಾಲು ಬಂತು, ಕೆಳಗೆ ತೂಕ ಬರೆದ ಅಕ್ಷರವೂ ಬಂತು. ನವಿಲಿಗೆ ತಲೆ ಇಲ್ಲ ಸಾರ್.

ಜೈನಾಬಳನ್ನು ಕೇಳಿದೆ. "ಚೀಲ ಕೊಟ್ಟಿದ್ದು ಗೊತ್ತು, ತುಂಡು ಎಣಿಸಾಕೆ ನಂಗೇನು ಬೇರೆ ಕೆಲ್ಸ ಇರ್ಲಿಲ್ವಾ? ತಲೆ ಆವತ್ತೇ ಹೊಳೇಲಿ ಹೋಗಿರ್ತೈತೆ, ಸುಮ್ನಿರ್ರಿ" ಎಂದಳು. ಹೋಗಿರಲೂಬಹುದು. ನಾನು ಒಂದಕ್ಕೆ ಹತ್ತು ಮಾಡುವವನು, ನಿಮಗೆ ಗೊತ್ತು.

ಆದರೂ ಏಳನೆಯದು ಇನ್ನೂ ಮುಚ್ಚಿಯೇ ಇರಬಹುದು ಎಂದು ಇಂಜಿನಿಯರರಿಗೆ ಹೇಳಿದೆ. ಅವರು ನಗಲಿಲ್ಲ. "ಅಂದಾಜಿಗೆ ಇನ್ನು ಕುಟ್ಟೋದು ಬೇಡ ಅಜ್ಜಾ. ಜಾಗ ಗೊತ್ತಾದ್ರೆ ಒಂದು ಗಂಟೆ ಕೆಲಸ" ಎಂದರು. ಜೂನ್ ಎರಡನೇ ತಾರೀಖು ಸೋಮವಾರದಿಂದ ಬಸ್ಸು ಬಿಡುತ್ತಾರೆ. ಎಂಟೂಕಾಲರ ಬಸ್ಸು. ರುಹೀನಾ ಕಿಟಕಿ ಪಕ್ಕದ ಸೀಟು ಹಿಡಿಯುತ್ತೇನೆ ಎಂದು ಈಗಲೇ ಹೇಳುತ್ತಿದ್ದಾಳೆ.

ನಿಮ್ಮ ಜೆರಾಕ್ಸನ್ನು ಮತ್ತೆ ನೋಡಿದೆ. ಹಾಳೆಯ ಕೆಳಗಿನ ಅಂಚು ಅದರಲ್ಲಿ ಪೂರ್ತಿ ಬಂದಿಲ್ಲ. ಆರನೇ ಸಾಲಿನ ಕೆಳಗೆ ಪೆನ್ಸಿಲಿನ ಗೀರೊಂದು ಕಂಡ ಹಾಗೆ ಆಗುತ್ತದೆ. ಅದು ಅಕ್ಷರದ ತಲೆಕಟ್ಟೋ, ಮೆಷೀನಿನ ಕೊಳೆಯೋ ತಿಳಿಯುತ್ತಿಲ್ಲ.

ಈಗ ನಿಮಗೆ ಕಣ್ಣು ಕಾಣುತ್ತದೆ ಎಂದು ಬರೆದಿದ್ದೀರಿ. ಯಶೋಧರಾ ಅವರಿಗೆ ಕೊಡಬೇಡಿ, ಬೇಜಾರು ಮಾಡಿಕೊಳ್ಳಬೇಡಿ. ಡೈರಿ ತೆಗೆದು, ಕೊನೆಯ ಹಾಳೆಯನ್ನು ಬಿಸಿಲಿಗೆ ಹಿಡಿದು, ಆರನೇ ಸಾಲಿನ ಕೆಳಗೆ ಇನ್ನೊಂದು ಸಾಲು ಇದೆಯೇ ಎಂದು ನೀವೇ ಇನ್ನೊಮ್ಮೆ ನೋಡಿ.

ನಿಮ್ಮ,
ನಿಯಾಜ್ ಅಹಮದ್